ಒಂದು ಮೊರ ತೌಡಿನ ಹೆಸರು

ಸಾಯಗಾಂವ
3 ಆಗಸ್ಟ್ 2023

ನವೊಮಿ ಅಕ್ಕನಿಗೆ ಈರಮ್ಮನ ಶರಣು ಶರಣಾರ್ಥಿ.

ಫೋನ್ ಮಾಡಿದರೆ ನೀನು "ಯಾರು? ಯಾರು?" ಎನ್ನುತ್ತೀ, ನಾನು ಓಣಿಗೆಲ್ಲ ಕೇಳುವಂತೆ ಕಿರುಚಬೇಕು. ನಿನ್ನ ಕಿವಿಯ ಕತೆ ನನಗೆ ಗೊತ್ತಿಲ್ಲವೇ. ಇದು ಓಣಿಗೆ ಕೇಳಿಸುವ ಮಾತಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಅಂಗನವಾಡಿ ಕೆಲಸ ಬಿಟ್ಟ ಮೇಲೆ ಪೆನ್ನು ಹಿಡಿದಿಲ್ಲ, ಅಕ್ಷರ ಕೋಳಿ ಕೆದರಿದ ಹಾಗಿದ್ದರೆ ಬೈಯಬೇಡ.

ಉಮಾಶ್ರೀ ಮತ್ತೆ ಬಸುರಿ. ನಾಲ್ಕರಲ್ಲಿ ಬಿದ್ದಿದೆ. ಮನೆಯಲ್ಲಿ ಯಾರೂ ನಕ್ಕಿಲ್ಲ ಅಕ್ಕಾ. ಸಂಜು ಸುದ್ದಿ ಕೇಳಿ ಹೊರಗೆ ಹೋಗಿ ಮೋಟರ್ ಸೈಕಲ್ ಒರೆಸುತ್ತ ಕೂತ. ಎರಡು ಕೂಸು ಹೋದ ಮನೆ ಇದು. ಮೊದಲನೆಯದಕ್ಕೆ ನನ್ನ ಮಾವನ ಹೆಸರು ಹಾವಗೆಪ್ಪ ಎಂದು ಇಟ್ಟೆವು, ಹೆಸರಿಟ್ಟ ಮೂರನೆಯ ದಿನವೇ ಹೋಯಿತು. ಎರಡನೆಯದು ತೊಟ್ಟಿಲವರೆಗೂ ಬರಲಿಲ್ಲ. ನನ್ನವು ಮೂರೂ ಹೀಗೇ ಹೋದದ್ದನ್ನು ನೀನು ಕಣ್ಣಾರೆ ಕಂಡವಳು. ಆಗ ನೀನು ನಮ್ಮೂರ ಆಸ್ಪತ್ರೆಯ ನರ್ಸಬಾಯಿ, ಮೂರನ್ನೂ ಬಟ್ಟೆಯಲ್ಲಿ ಸುತ್ತಿ ಕೊಟ್ಟದ್ದು ನಿನ್ನ ಕೈಯೇ.

ನಾಲ್ಕನೆಯವನು ಸಂಜು. ಸೂಲಗಿತ್ತಿ ಹಮೀದುನ್ನಿಸಾ ಹೇಳಿದಳೆಂದು ಅವನನ್ನು ಮೊರದಲ್ಲಿ ಮಲಗಿಸಿ ನಿನಗೆ ಮಾರಿದೆವು. ನೀನು ಒಂದು ಮೊರ ತೌಡು ಸುರಿದು ಅವನನ್ನು ಕೊಂಡೆ, ಸಿಲಾಸ ಎಂದು ಕರೆದೆ, ಮರಳಿ ನನ್ನ ಮಡಿಲಿಗೆ ಹಾಕಿ "ಸಾಕಿ ಕೊಡು" ಎಂದೆ. ಅವನು ಬದುಕಿದ. ಸಾಲಿಯಲ್ಲಿ ಸಂಜುಕುಮಾರ ಎಂದು ಬರೆಸಿದರೂ ನಿನ್ನ ಮನೆಗೆ ಬಂದಾಗ ಅವನು ಸಿಲಾಸನೇ.

ಮಾರಿದ ಕೂಸನ್ನು ಮದುವೆಯ ಅರಿಶಿಣಕ್ಕಿಂತ ಮೊದಲು ಬಿಡಿಸಿಕೊಳ್ಳಬೇಕು. ತೌಡಿಗೆ ಬದಲು ಒಂದು ಮೊರ ಜೋಳ ಕೊಟ್ಟು, ಕೊಂಡವರ ಬಾಯಿಂದ "ನಿಮ್ಮ ಕೂಸು ನಿಮಗ" ಎಂದು ಮೂರು ಸಲ ಅನ್ನಿಸಬೇಕು. ನಾವು ಅದನ್ನು ಮಾಡಲಿಲ್ಲ. ಬೀದರದ ಬೀಗರ ಎದುರು ನಿನ್ನನ್ನು ಹಂದರದಲ್ಲಿ ಕೂರಿಸಬೇಕಾಗುತ್ತಿತ್ತು, ನಮ್ಮ ಯಜಮಾನರಿಗೆ ನಾಚಿಕೆ. ಈಗ ಅವರೂ ಇಲ್ಲ.

ಮೊನ್ನೆ ಹಮೀದುನ್ನಿಸಾ ಬಂದು ಹಣೆ ಬಡಿದುಕೊಂಡಳು. "ಈರಮ್ಮಾ, ಬಿಡಸ್ಕೊಂಡಿಲ್ಲಲ್ಲ ನೀವು! ಹುಡ್ಗ ಇನ್ನಾ ಆಕೀ ಮಾಲ್ ಅದಾನ. ಪರಾಯಾ ಮಾಲಿಗಿ ಹುಟ್ಟಿದ್ದು ನಿಮ್ಮ ಮನ್ಯಾಗ ಹ್ಯಾಂಗ ನಿಲ್ತದ?"

ಅಂದಿನಿಂದ ಅನ್ನ ಇಳಿಯುತ್ತಿಲ್ಲ. ಬಾ ಅಕ್ಕಾ. ಔರಾದದಿಂದ ಬೀದರಕ್ಕೆ, ಬೀದರದಿಂದ ಭಾಲ್ಕಿಗೆ ಬಸ್ಸಿದೆ, ಭಾಲ್ಕಿಗೆ ಸಂಜು ಬಂದು ಕರೆದುಕೊಂಡು ಬರುತ್ತಾನೆ. ಬಂದು ಅವನನ್ನು ನಮಗೆ ಬಿಟ್ಟುಕೊಡು. ಮೂರು ಮಾತು ಅಷ್ಟೇ.

ನಿನ್ನ ದಾರಿ ಕಾಯುವ
ಈರಮ್ಮ

*

ಸಾಯಗಾಂವ
11 ಸೆಪ್ಟೆಂಬರ್ 2023

ಅಕ್ಕಾ,

ಕಾಗದ ಮುಟ್ಟಿದೆ ಎಂದು ನನಗೆ ಗೊತ್ತು. ನಿಮ್ಮ ಎಕಂಬಾದ ಅಯ್ಯುಬ ಭಾಲ್ಕಿ ಸಂತೆಯಲ್ಲಿ ಸಿಕ್ಕಿದ್ದ. "ನರ್ಸಬಾಯಿ ಕಾಗದ ಓದ್ಕೋತ ಕುಂತಿದ್ರು, ನಾ ಸಲಾಮ್ ಅಂದ್ರೂ ಮಾರಿ ಎತ್ತಲಿಲ್ಲ" ಎಂದ. ಓದಿದ ಮೇಲೆ ಎರಡು ಸಾಲು ಬರೆಯಲು ನಿನ್ನ ಕೈಗೆ ಏನಾಗಿದೆ?

ಉಮಾಶ್ರೀಯ ಕಾಲು ಬಾತಿವೆ. ನಾನು ಕೇಳಿದರೆ "ಏನಿಲ್ಲ ಅತ್ತಿ" ಎನ್ನುತ್ತಾಳೆ. ಆ ಹುಡುಗಿ ಹೊಟ್ಟೆಯ ಮೇಲೆ ಕೈ ಇಡುವುದನ್ನೇ ಬಿಟ್ಟಿದ್ದಾಳೆ ಅಕ್ಕಾ. ಮುಟ್ಟಿದರೆ ಆಸೆಯಾಗುತ್ತದೆ ಎಂದು ಹೆದರಿಕೆ ಇರಬೇಕು.

ಬರಲು ಮನಸ್ಸಿಲ್ಲದಿದ್ದರೆ ಹಾಗೆಂದಾದರೂ ಬರಿ. ಸುಮ್ಮನಿರಬೇಡ.

ಈರಮ್ಮ

*

ಎಕಂಬಾ
24 ಸೆಪ್ಟೆಂಬರ್ 2023

ಈರಮ್ಮನಿಗೆ ಪ್ರಭುವಿನಲ್ಲಿ ವಂದನೆಗಳು.

ಮನಸ್ಸಿಲ್ಲ. ಬರಿ ಎಂದೆ, ಬರೆದಿದ್ದೇನೆ.

ಮೊದಲು ನರ್ಸಾಗಿ ಹೇಳುತ್ತೇನೆ. ಕಾಲು ಬಾತಿದ್ದರೆ ಬಿ.ಪಿ. ಏರಿರಬೇಕು. ಹಿಂದಿನ ಎರಡೂ ಏಳಕ್ಕೇ ಹುಟ್ಟಿದವು, ಆಗಲೂ ಕಾಲು ಹೀಗೇ ಬಾತಿದ್ದವು ಎಂದು ಸಿಲಾಸ ಹೇಳಿದ್ದ. ಅವಳನ್ನು ಬೀದರದ ದೊಡ್ಡ ದವಾಖಾನೆಗೆ ತೋರಿಸಿ. ಹಮೀದುನ್ನಿಸಾ ಹೇಳಿದ್ದನ್ನು ಪಕ್ಕಕ್ಕಿಡು.

ಇನ್ನು ನವೊಮಿಯಾಗಿ ಹೇಳುತ್ತೇನೆ. ನೀವು ಕೂಸನ್ನು ನನಗೇ ಯಾಕೆ ಮಾರಿದಿರಿ? ಊರಲ್ಲಿ ಕೋಮಟಿಗರಿದ್ದರು, ಮರಾಠರಿದ್ದರು. ನಾನು ಹೊರಗೆ ಪಡಸಾಲೆಯ ಅಂಚಿನಲ್ಲಿ ಚಪ್ಪಲಿಗಳ ಹತ್ತಿರ ಕೂತಿದ್ದೆ. ಒಳಗೆ ನಿಮ್ಮತ್ತೆ ಅಂದದ್ದು ಕೇಳಿಸಿತು. ಆಗ ಕಿವಿ ಚೆನ್ನಾಗಿದ್ದವು. "ಆಕೀಗೇ ಕೊಡ್ರಿ. ಅವ್ರ ಮನಿ ಹೊಸ್ತಿಲ ಸಾವು ಸೈತ ತುಳಿಯಂಗಿಲ್ಲ."

ಮಕ್ಕಳು ನಿಲ್ಲದಿದ್ದರೆ ನೀವು ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ತಿಪ್ಪಣ್ಣ ಎನ್ನುತ್ತೀರಿ, ಅಡವಿಯಲ್ಲಿ ಇಟ್ಟು ಅಡಿವೆಪ್ಪ ಎನ್ನುತ್ತೀರಿ. ಕಸ ಎಂದು ತಿಳಿದು ಸಾವು ಮುಟ್ಟದೆ ಹೋಗಲಿ ಎಂದು. ನಿಮ್ಮ ಮನೆಗೆ ಅಂದು ನಾನೇ ತಿಪ್ಪೆ. ನನ್ನ ಮಾವನ ಹೆಸರೂ ತಿಪ್ಪಣ್ಣ. ದೀಕ್ಷಾಸ್ನಾನದಲ್ಲಿ ಕ್ರಿಸ್ಟೋಫರ ಎಂಬ ಹೆಸರು ಪಡೆದ, ಅದನ್ನೇ ನಾವು ಅಡ್ಡಹೆಸರು ಮಾಡಿಕೊಂಡೆವು. ಊರು ಅವನನ್ನು ಸಾಯುವವರೆಗೂ "ಏ ತಿಪ್ಯಾ" ಎಂದೇ ಕರೆಯಿತು.

ಎಲ್ಲ ಕೇಳಿಸಿಕೊಂಡೂ ಯಾಕೆ ಕೊಂಡೆ ಎಂದು ನೀನು ಒಮ್ಮೆಯೂ ಕೇಳಲಿಲ್ಲ. ಸಿಲಾಸ ಎಂದರೆ ಬೇಡಿ ಪಡೆದವನು ಎಂದು ನಮ್ಮ ಪಾಸ್ಟರ್ ಹೇಳಿದ್ದರು. ನನ್ನ ಹೊಟ್ಟೆಯಲ್ಲಿ ಹುಟ್ಟಲಿರುವ ಮಗನಿಗೆ ಎಂದು ಆ ಹೆಸರನ್ನು ಮದುವೆಯಾದ ವರ್ಷದಿಂದ ತೆಗೆದಿಟ್ಟಿದ್ದೆ. ಅವನು ಹುಟ್ಟಲೇ ಇಲ್ಲ. ಮೊರದಿಂದ ನಿನ್ನ ಕೂಸನ್ನು ಎತ್ತಿದಾಗ ಬೇರೆ ಯಾವ ಹೆಸರೂ ನನ್ನ ಬಾಯಿಗೆ ಬರಲಿಲ್ಲ. ನೀವು ತಿಪ್ಪೆ ಹುಡುಕುತ್ತಿದ್ದಿರಿ, ನನಗೆ ಮಗ ಸಿಕ್ಕಿದ.

ಅವನ ಮದುವೆಯಲ್ಲಿ ಊಟ ಮಾಡಿ, ಸ್ಟೀಲಿನ ಡಬ್ಬಿ ಕೊಟ್ಟು, ಯಾರಿಗೂ ಗೊತ್ತಾಗದಂತೆ ಬಸ್ ಹತ್ತಿದೆ. ಬಿಡಿಸಿಕೊಳ್ಳಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ಸಂತೋಷಪಟ್ಟೆ. ಈಗ ಬಂದು ಕೊಡು ಎನ್ನುತ್ತೀ. ನನ್ನಿಂದಾಗದು.

ನವೊಮಿ ಕ್ರಿಸ್ಟೋಫರ

*

ಸಾಯಗಾಂವ
9 ಅಕ್ಟೋಬರ್ 2023

ಅಕ್ಕಾ,

ನಿನ್ನ ಕಾಗದ ಓದಿ ಎರಡು ದಿನ ನನ್ನ ಮುಖ ನನಗೇ ಬೇಡವಾಯಿತು. ಹೌದು, ಅತ್ತೆ ಹಾಗೆಂದಳು. ನಾನು ಹಸಿ ಬಾಣಂತಿ, ಪಕ್ಕದಲ್ಲೇ ಮಲಗಿದ್ದೆ. ಆಕೆ ನಿನ್ನನ್ನು ಏನೆಂದರೂ ಸರಿ, ನನ್ನ ಕೂಸು ಉಸಿರಾಡಿದರೆ ಸಾಕಾಗಿತ್ತು. ಅಂದು ಯಮನೇ ಬಂದು "ನಾ ಕೊಳ್ತೇನಿ, ಸಾಯಿಸಂಗಿಲ್ಲ" ಅಂದಿದ್ದರೂ ಮಾರುತ್ತಿದ್ದೆ. ನಿನಗೆ ನೋವಾಗುತ್ತದೆ ಎಂಬ ಯೋಚನೆ ನನ್ನ ಹತ್ತಿರ ಸುಳಿಯಲೂ ಇಲ್ಲ. ಈಗ ಸುಳಿದಿದೆ, ಆದರೂ ಕೇಳುತ್ತಿದ್ದೇನೆ. ಎಂಥ ಹೆಂಗಸು ನಾನು ನೋಡು.

ಭಾಲ್ಕಿಯಲ್ಲಿ ತೋರಿಸಿದೆವು. ಬಿ.ಪಿ. ಜಾಸ್ತಿ ಇದೆ, ಗುಳಿಗೆ ಕೊಟ್ಟಿದ್ದಾರೆ. ಬೀದರಕ್ಕೆ ಹೋಗೋಣ ಎಂದರೆ ಉಮಾಶ್ರೀ ಒಲ್ಲೆ ಎನ್ನುತ್ತಾಳೆ. ಹಿಂದಿನ ಎರಡೂ ಅಲ್ಲೇ ಹೋದವು, ಆ ಮೆಟ್ಟಿಲು ಹತ್ತುವುದಿಲ್ಲ ಎಂದು ಹಟ. ಹೆಚ್ಚು ಹೇಳಿದರೆ ಗೋಡೆಗೆ ಮುಖ ಮಾಡಿ ಮಲಗುತ್ತಾಳೆ.

ನೀನು ಬಿಟ್ಟುಕೊಟ್ಟರೂ ಅವನು ನಿನ್ನ ಮಗನೇ ಅಕ್ಕಾ. ಕ್ರಿಸ್‌ಮಸ್ಸಿಗೆ ಬರುತ್ತಾನೆ, ಅವ್ವ ಎನ್ನುತ್ತಾನೆ. ಏನು ಕಡಿಮೆಯಾಗುತ್ತದೆ ನಿನಗೆ? ಬರೀ ಮಾತು. ನಿನ್ನ ಕಾಲಿಗೆ ಬೀಳುತ್ತೇನೆ.

ಈರಮ್ಮ

*

ಎಕಂಬಾ
6 ನವೆಂಬರ್ 2023

ಈರಮ್ಮಾ,

ಬರೀ ಮಾತಾಗಿದ್ದರೆ ನಿನಗೆ ಯಾಕೆ ಬೇಕು?

ನಿನ್ನೆ ಸಿಲಾಸ ಬಂದಿದ್ದ. ಭಾಲ್ಕಿಯ ಅಂಗಡಿಯಿಂದ ನೇರ ಬಂದಿರಬೇಕು, ಮೋಟಾರಿಗೆ ತಂತಿ ಸುತ್ತಿ ಬೆರಳೆಲ್ಲ ಕಪ್ಪು. ಕೂತುಕೊಳ್ಳಲಿಲ್ಲ. ಬಾಗಿಲಲ್ಲೇ ನಿಂತು ನನ್ನ ಕಿವಿಯ ಹತ್ತಿರ ಬಾಯಿ ತಂದು ಹೇಳಿದ, "ಅವ್ವಾ, ನನಗ ಇದೆಲ್ಲಾ ಖರೆ ಅನಸಂಗಿಲ್ಲ. ಆದ್ರ ಉಮಾನ ಮಾರಿ ನೋಡ್ಲಕ್ಕ ಆಗವಲ್ದು. ನೀ ಬಂದು ಆ ಮಾತ ಅಂದ್ರ ಬೀದರಕ್ಕ ಬರ್ತೇನಿ ಅಂತಾಳ. ಒಮ್ಮಿ ಅಂದು ಬಿಡು."

ನನ್ನನ್ನು ಬಿಟ್ಟುಬಿಡು ಎಂದು ನನ್ನ ಮಗನೇ ಬಂದು ಕೇಳಿದ. ಅವನಿಗೆ ಅದು ಹಾಗೆ ಕೇಳಿಸಿರಲಿಕ್ಕಿಲ್ಲ. ನಾನು ಚಹಾ ಮಾಡಲು ಒಳಗೆ ಹೋಗಿ ಒಲೆಯ ಮುಂದೆ ಅತ್ತೆ.

ಉಮಾಶ್ರೀಯನ್ನು ಈ ವಾರವೇ ಬೀದರದಲ್ಲಿ ಭರ್ತಿ ಮಾಡಿ. ದವಾಖಾನೆಗೇ ಬಂದು ಅನ್ನುತ್ತೇನೆ. ಅವಳು ಭರ್ತಿಯಾಗದ ಹೊರತು ನಾನು ಬಾಯಿ ಬಿಡುವುದಿಲ್ಲ, ಇದು ನನ್ನ ಷರತ್ತು.

ನವೊಮಿ

*

ಸಾಯಗಾಂವ
12 ಡಿಸೆಂಬರ್ 2023

ಅಕ್ಕಾ,

ದವಾಖಾನೆಗೆ ಬಂದ ದಿನ ನೀನು ನಮ್ಮೊಡನೆ ಒಂದು ಗುಟುಕು ನೀರನ್ನೂ ಕುಡಿಯದೆ ಹೋದೆ. ಮುಂದಿನದೆಲ್ಲ ನಿನಗೆ ಸಂಜು ಫೋನಿನಲ್ಲಿ ಕಿರುಚಿ ಹೇಳಿರಬೇಕು. ಏನು ಹೇಳಿದನೋ, ನಿನಗೆ ಎಷ್ಟು ಕೇಳಿಸಿತೋ. ನಾನೂ ಹೇಳುತ್ತೇನೆ, ಯಾರಿಗಾದರೂ ಹೇಳದಿದ್ದರೆ ನನಗೆ ಹುಚ್ಚು ಹಿಡಿಯುತ್ತದೆ.

ಜೋಳದ ಮೊರವನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಾನು ಆ ವರಾಂಡಕ್ಕೆ ಬಂದಾಗ ಕಾವಲಿನ ಮಕ್ಸೂದ ತಡೆದು, "ಏನ್ ಅಮ್ಮಾ, ದವಾಖಾನಾದಾಗ ಜ್ವಾಳ ಮಾರ್ಲಕ್ಕ ಬಂದೀರೇನು?" ಎಂದು ನಕ್ಕ. ನಾನೂ ನಕ್ಕೆ. ಇನ್ನೇನು ಎಲ್ಲ ಸರಿಯಾಗುತ್ತದೆ ಎಂದು ಅಷ್ಟು ಧೈರ್ಯ ಬಂದಿತ್ತು. ನೀನು ಸಂಜುವಿನ ತಲೆಯ ಮೇಲೆ ಕೈ ಇಟ್ಟು "ನಿಮ್ಮ ಕೂಸು ನಿಮಗ" ಎಂದು ಮೂರು ಸಲ ಅಂದೆ. ಹಾಸಿಗೆಯಿಂದ ಉಮಾಶ್ರೀ ನೋಡುತ್ತಿದ್ದಳು. ಆಗ ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು ಅಕ್ಕಾ. ಎಷ್ಟೋ ತಿಂಗಳ ಮೇಲೆ ಇಟ್ಟುಕೊಂಡಳು.

ಮೂರು ದಿನಕ್ಕೆ ಬಿ.ಪಿ. ಏರಿ ಕೊಯ್ದು ತೆಗೆದರು. ಹೆಣ್ಣು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ನೀನು ಮತ್ತೆ ಬಂದು ಗಾಜಿನ ಆಚೆಯಿಂದ ನೋಡಿ ಹೋದೆಯಂತೆ, ನಾನು ಆಗ ಔಷಧ ತರಲು ಹೋಗಿದ್ದೆ. ಮಣಿಕಟ್ಟಿಗೆ ಹೆಸರಿನ ಪಟ್ಟಿ ಕಟ್ಟಿದ್ದರು, ಅದರ ಮೇಲೆ "ಉಮಾಶ್ರೀ ಮಗು" ಎಂದಿತ್ತು. ಹೆಸರಿಟ್ಟರೆ ಸತ್ತ ಹಿರಿಯರು ಬಂದು ಕರೆದೊಯ್ಯುತ್ತಾರೆಂದು ನಾನೇ ಯಾರಿಗೂ ಇಡಗೊಡಲಿಲ್ಲ. ಐದನೆಯ ದಿನ ಬೆಳಿಗ್ಗೆ ಹೋಯಿತು. ಹೊಲದಲ್ಲಿ ಉಳಿದವುಗಳ ಪಕ್ಕದಲ್ಲಿ ಇಟ್ಟೆವು. ಮಣ್ಣು ಕೊಡುವಾಗ ಏನೆಂದು ಕರೆದು ಅಳಬೇಕು ಎಂದು ಉಮಾಶ್ರೀಗೆ ತಿಳಿಯಲಿಲ್ಲ. "ಕೂಸಾ, ಕೂಸಾ" ಎಂದಳು.

ಅದಕ್ಕೆ ಅತ್ತು ಮುಗಿದಿಲ್ಲ, ಅಷ್ಟರಲ್ಲಿ ಸಂಜು ಭಾಲ್ಕಿ ರಸ್ತೆಯಲ್ಲಿ ಗಾಡಿಯಿಂದ ಬಿದ್ದ. ತಲೆಗೆ ಹೊಲಿಗೆ ಹಾಕಿದ್ದಾರೆ. ಏನೂ ಆಗಿಲ್ಲ ಯವ್ವಾ ಎನ್ನುತ್ತಾನೆ. ಏನೂ ಆಗಿಲ್ಲವಂತೆ! ನಿನ್ನವನಾಗಿ ಮೂವತ್ತು ವರ್ಷ ಇದ್ದ, ಮುಳ್ಳೂ ಚುಚ್ಚಲಿಲ್ಲ. ನನ್ನವನಾಗಿ ತಿಂಗಳಾಗಿಲ್ಲ, ನೆತ್ತಿ ಒಡೆಯಿತು. ನನ್ನದು ಎಂದದ್ದು ಯಾವುದೂ ಉಳಿಯುವುದಿಲ್ಲ. ನಾನು ಹೆತ್ತ ಮೂರು, ಅವಳು ಹೆತ್ತ ಮೂರು, ಎಲ್ಲ ನಮ್ಮವು. ಉಳಿದವನು ಒಬ್ಬನೇ, ಅವನು ನಿನ್ನವನಾಗಿದ್ದ. ಅವನನ್ನೂ ನಾನೇ ಹಟ ಹಿಡಿದು ಈ ಸುಡುಗಾಡು ಮನೆಗೆ ಎಳೆದುಕೊಂಡೆ.

ಮತ್ತೆ ಕೊಂಡುಕೋ ಅಕ್ಕಾ. ಗಿರಣಿಯಿಂದ ತೌಡು ತಂದಿಟ್ಟಿದ್ದೇನೆ. ಮೀಸೆ ಬಂದ ಗಂಡಸನ್ನು ಮೊರದಲ್ಲಿ ಮಲಗಿಸಲಾಗದು, ಮೊರಕ್ಕೆ ಅವನ ಕಾಲು ಮುಟ್ಟಿಸಿದರೆ ಸಾಕು. ಹಮೀದುನ್ನಿಸಾಳನ್ನು ಕೇಳಿದೆ. "ವಾಪಸ್ ತಗೊಂಡ ಮಾಲ ಮತ್ತ ಖರೀದಿ ಮಾಡೂ ದಸ್ತೂರ ಇಲ್ಲ" ಎಂದಳು. ನಿನ್ನ ದಸ್ತೂರಕ್ಕಿಷ್ಟು ಬೆಂಕಿ ಹಾಕ ಎಂದು ಬೈದು ಕಳಿಸಿದೆ. ಮನೆಯಲ್ಲೂ, ಊರಲ್ಲೂ, ಬೀಗರ ಮುಂದೂ ಸಿಲಾಸ ಎಂದೇ ಕರೆಯುತ್ತೇನೆ. ನಡುಮನೆಯಲ್ಲಿ ಕೂರಿಸಿ ನಿನ್ನ ಕೈಗೆ ಕೊಡುತ್ತೇನೆ. ಬೇಗ ಬರಿ.

ನಿನ್ನ ಪಾಪಿ
ಈರಮ್ಮ

*

ಎಕಂಬಾ
20 ಡಿಸೆಂಬರ್ 2023

ಈರಮ್ಮಾ,

ಈ ಕಾಗದವನ್ನು ಬರೆದು ಹರಿದು, ಮತ್ತೆ ಬರೆಯುತ್ತಿದ್ದೇನೆ. ಒಬ್ಬಳೇ ಇದ್ದಾಗ ಓದು.

ನಾನು ಅವನನ್ನು ಕೊಟ್ಟಿಲ್ಲ.

ಬಾಯಿ ಅಂದಿತು, ನೀವೆಲ್ಲ ಕೇಳಿದಿರಿ. ಅವನ ತಲೆಯ ಮೇಲೆ ಕೈ ಇಟ್ಟು ಪ್ರತಿ ಸಲ "ನಿಮಗ" ಎಂದಾಗಲೂ ಒಳಗೆ "ಕೊಡಂಗಿಲ್ಲ" ಎಂದೆ. ಮೂರು ಸಲವೂ ಹಾಗೇ. ನಿನ್ನ ಜೋಳವನ್ನೂ ನಾನು ಮನೆಗೆ ತರಲಿಲ್ಲ. ಗೇಟಿನ ಹತ್ತಿರ ಮಕ್ಸೂದನ ಮುಂದೆ ಇಟ್ಟು, "ನಿಮ್ಮ ಮನಿ ಕೋಳಿಗಿ ಹಾಕ್ರಿ" ಎಂದು ಬಸ್ ಹತ್ತಿದೆ. ಬೆಲೆ ಮುಟ್ಟದೆ ಮಾರಾಟ ಎಲ್ಲಿಯದು? ಅವನು ಅಂದೂ ನನ್ನವನು, ಇಂದೂ ನನ್ನವನು. ಗಾಡಿಯಿಂದ ಬಿದ್ದೂ ಬರೀ ಹೊಲಿಗೆಯಲ್ಲಿ ಎದ್ದು ಬಂದವನು ನನ್ನ ಮಗ. ಹೆದರಬೇಡ. ತೌಡನ್ನು ಎಮ್ಮೆಗೆ ಹಾಕು.

ಇದನ್ನು ಹೇಳಿದರೆ ನೀನು ಮುಂದಿನ ಮಾತು ಕೇಳುತ್ತೀ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ. "ಹಾಗಾದರೆ ಕೂಸು ಹೋದದ್ದು ನಿನ್ನಿಂದ" ಎನ್ನುತ್ತೀ. ಕೂಸು ಒಂದು ಕಿಲೋ ಕೂಡ ತೂಗಲಿಲ್ಲ. ಶ್ವಾಸಕೋಶ ಬಲಿತಿರಲಿಲ್ಲ. ನಾನು ಮನಸಾರೆ ಕೊಟ್ಟಿದ್ದರೂ ಅದು ಉಳಿಯುತ್ತಿರಲಿಲ್ಲ. ಜೀವಮಾನವೆಲ್ಲ ಕೂಸು ಎತ್ತಿದ ಕೈ ಹೇಳುತ್ತದೆ ಇದನ್ನು. ನೀನು ನಂಬಲಾರೆ. ಹಗಲು ನಾನು ನಂಬುತ್ತೇನೆ, ಕತ್ತಲಾದ ಮೇಲೆ ನಂಬಿಕೆ ಬರುವುದಿಲ್ಲ. ಕೊಟ್ಟಿದ್ದರೆ? ಒಂದು ಸಲವಾದರೂ ನಿಜವಾಗಿ ಅಂದಿದ್ದರೆ? ದೇವರ ಮುಂದೆ ಮೊಣಕಾಲೂರಿದರೂ ಇದೇ ಬರುತ್ತದೆ.

ಕೂಸಿಗೆ ಹೆಸರಿರಲಿಲ್ಲ ಎಂದು ಬರೆದಿದ್ದೀ. ಇತ್ತು. ನಾನು ಗಾಜಿನ ಆಚೆ ನಿಂತು ಜೆಮಿಮಾ ಎಂದು ಕರೆದೆ. ಪಾರಿವಾಳ ಎಂದು ಅರ್ಥ. ಅಷ್ಟು ಸಣ್ಣದಿತ್ತು. ನನಗೆ ಹಕ್ಕಿತ್ತೋ ಇಲ್ಲವೋ, ಹೆಸರಿಲ್ಲದೆ ಹೋಗುವುದನ್ನು ನೋಡಲಾಗಲಿಲ್ಲ. ಉಮಾಶ್ರೀಗೆ ಬೇಕಾದರೆ ಹೇಳು, ಬೇಡವಾದರೆ ಬಿಡು.

ನನ್ನನ್ನು ಏನು ಬೇಕಾದರೂ ಅನ್ನು. ಅವನಿಗೆ ಮಾತ್ರ ಹೇಳಬೇಡ. ಅವನು ಇನ್ನೂ ನನ್ನನ್ನು ಅವ್ವ ಎನ್ನುತ್ತಾನೆ.

ನವೊಮಿ

*

ಸಾಯಗಾಂವ
4 ಜನವರಿ 2024

ಅಕ್ಕಾ,

ಕಾಗದ ಮುಟ್ಟಿತು. ಹೊಲಕ್ಕೆ ಹೋಗಿ ಆ ಸಣ್ಣ ಮಣ್ಣಿನ ಹತ್ತಿರ ಕೂತು ಓದಿದೆ. ಓದಿ ನಿನ್ನನ್ನು ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಕೂಸು ತಿಂದವಳೇ ಎಂದೆ, ನಿನ್ನ ಜಾತಿ ಹಿಡಿದೂ ಬೈದೆ. ನಮ್ಮತ್ತೆ ಸತ್ತರೂ ಆಕೆಯ ಬಾಯಿ ನನ್ನಲ್ಲಿ ಉಳಿದಿದೆ. ಯಾರೂ ಕೇಳಿಸಿಕೊಂಡಿಲ್ಲ. ಬೈದು ಸಾಕಾದ ಮೇಲೆ ಜೆಮಿಮಾ ಎಂದು ಕರೆದು ನೋಡಿದೆ. ಆಮೇಲೆ ಬಹಳ ಅತ್ತೆ.

ಸಂಜೆ ಅವನು ಬಂದ. ಹೊಲಿಗೆ ಬಿಚ್ಚಿದ್ದರು. "ಯವ್ವಾ, ಹಸದೀನಿ, ರೊಟ್ಟಿ ಹಾಕು" ಎಂದ. ಎರಡು ತಿಂದು ಇನ್ನೊಂದು ಕೇಳಿದ. ನಾನು ಎದುರಿಗೆ ಕೂತು ಅವನು ತಿನ್ನುವುದನ್ನೇ ನೋಡಿದೆ. ಇವನು ನನ್ನವನಲ್ಲ, ಇವನಿಗೆ ಏನೂ ಆಗುವುದಿಲ್ಲ ಎಂದುಕೊಂಡೆ. ಎಷ್ಟೋ ದಿನದ ಮೇಲೆ ನನ್ನ ಎದೆಯ ಭಾರ ಇಳಿಯಿತು.

ನಿನ್ನ ಮೇಲಿನ ಸಿಟ್ಟು ಹೋಗಿದೆ ಎಂದು ಬರೆಯಲಾರೆ, ಸುಳ್ಳಾಗುತ್ತದೆ. ನಿನ್ನ ಮುಖ ನೋಡಲು ನನಗೆ ಇನ್ನೂ ದಿನ ಬೇಕು. ಅವನಿಗೆ ಏನೂ ಹೇಳಿಲ್ಲ, ಹೇಳುವುದೂ ಇಲ್ಲ. ಉಮಾಶ್ರೀಗೆ ಹೆಸರು ಹೇಳಿದೆ. ಯಾರಿಟ್ಟರು ಎಂದು ಅವಳು ಕೇಳಲಿಲ್ಲ. ಈಗ ಅಳುವಾಗ ಆ ಹೆಸರು ಹಿಡಿದು ಅಳುತ್ತಾಳೆ.

ಒಂದು ಮಾತಿಗಾಗಿ ಈ ಕಾಗದ ಬರೆದೆ. ಆ ಹುಡುಗಿಗೆ ಇನ್ನೂ ವಯಸ್ಸಿದೆ, ನಾಳೆ ಮತ್ತೆ ಬಸುರಾದಾಳು. ಆಗ ನನಗೆ ಮತ್ತೆ ತಲೆ ಕೆಡುತ್ತದೆ, ನನ್ನನ್ನು ನಾನು ಬಲ್ಲೆ. ಜೋಳ ಹೊತ್ತುಕೊಂಡು ಔರಾದ ಬಸ್ ಹತ್ತಿ ನಿನ್ನ ಬಾಗಿಲಿಗೆ ಬಂದೇನು. ಕಾಲು ಹಿಡಿದೇನು, ದೇವರ ಆಣೆ ಹಾಕಿ ಮನಸಾರೆ ಅನ್ನು ಎಂದೇನು, ಕೊಡದಿದ್ದರೆ ಇಲ್ಲೇ ಸಾಯುತ್ತೇನೆ ಎಂದೇನು.

ಕೊಡಬೇಡ ಅಕ್ಕಾ. ನಾನು ಸತ್ತರೂ ಕೊಡಬೇಡ.

ಈರಮ್ಮ